ವೇಳಾಪಟ್ಟಿ ಎಂದರೆ ಕೆಲಸಗಳ ಪಟ್ಟಿಯಲ್ಲ

ದಿನವನ್ನು ಯೋಜಿಸಿಕೊಳ್ಳುವುದು ಹೇಗೆಂದು ತಿಳಿಸುವ ಬರಹಗಳಿಗೆ ಈಗ ಕೊರತೆಯಿಲ್ಲ, ಆದರೆ ಅವುಗಳಲ್ಲಿ ಅನೇಕವು ಮೊದಲ ಹೆಜ್ಜೆಯಲ್ಲೇ ಒಂದು ಪದವನ್ನು ಕೆಡಿಸುತ್ತವೆ. ಏಳೆಂಟು ಕೆಲಸಗಳ ಹೆಸರನ್ನು ಒಂದರ ಕೆಳಗೊಂದು ಬರೆದು, ಮುಗಿದಾಗ ಗುರುತು ಹಾಕಲೆಂದು ಪ್ರತಿಯೊಂದರ ಮುಂದೆ ಚಿಕ್ಕ ಚೌಕವನ್ನಿಟ್ಟು, ಅದಕ್ಕೆ ‘ಇಂದಿನ ವೇಳಾಪಟ್ಟಿ’ ಎಂಬ ತಲೆಬರಹ ಕೊಡುತ್ತಾರೆ. ಇತ್ತೀಚೆಗೆ ಓದಿದ ಇಂಥದೊಂದು ಬರಹದಲ್ಲಿ ಮಾದರಿಯೆಂದು ಕೊಟ್ಟಿದ್ದ ‘ವೇಳಾಪಟ್ಟಿ’ಯ ಯಾವ ಸಾಲಿನಲ್ಲೂ ಗಂಟೆ ನಿಮಿಷಗಳ ಸುಳಿವಿರಲಿಲ್ಲ. ಅದು ಪಟ್ಟಿಯೆಂಬುದನ್ನು ಒಪ್ಪಬಹುದು, ಆದರೆ ಅದರಲ್ಲಿ ವೇಳೆಯೇ ಇಲ್ಲ. ವೇಳೆಯಿಲ್ಲದ ಪಟ್ಟಿಯನ್ನು ವೇಳಾಪಟ್ಟಿ ಎಂದು ಕರೆಯುವುದರಿಂದ ಭಾಷೆಗಷ್ಟೇ ಅಲ್ಲ, ಅದನ್ನು ನಂಬಿ ದಿನ ಕಳೆಯುವವರಿಗೂ ನಷ್ಟವಿದೆ.

ಪದದ ಎರಡನೆಯ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಉದ್ದನೆಯ ಕಿರಿದಾದ ತುಂಡಿಗೆ ಪಟ್ಟಿ ಎನ್ನುತ್ತೇವೆ, ಸಾಲಾಗಿ ಬರೆದ ಹೆಸರುಗಳಿಗೂ ಅದೇ ಪದ ಸಂದಿದೆ. ಗಮನ ಕೊಡಬೇಕಾದದ್ದು ಮೊದಲ ಭಾಗಕ್ಕೆ. ವೇಳೆ ಎಂಬುದು ಸಂಸ್ಕೃತದ ವೇಲಾ ಎಂಬ ಪದದ ತದ್ಭವ, ಮತ್ತು ಆ ಪದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ಮೇರೆ, ಕಡಲ ದಂಡೆ, ಉಬ್ಬರ ಎಂಬ ಅರ್ಥಗಳಿದ್ದು, ಅವುಗಳ ಜೊತೆಯಲ್ಲೇ ಗೊತ್ತಾದ ಹೊತ್ತು ಎಂಬ ಅರ್ಥವೂ ಇದೆ. ಕಡಲು ಎಷ್ಟೇ ಉಕ್ಕಿದರೂ ತನ್ನ ವೇಲೆಯನ್ನು ದಾಟುವುದಿಲ್ಲ ಎಂಬುದು ಸಂಸ್ಕೃತ ಕಾವ್ಯದಲ್ಲಿ ಮತ್ತೆ ಮತ್ತೆ ಬರುವ ಹೋಲಿಕೆ. ಶತ್ರುಸೇನೆಯನ್ನು ಒಬ್ಬನೇ ತಡೆದು ನಿಂತ ವೀರನನ್ನು ಕಡಲನ್ನು ತಡೆಯುವ ದಂಡೆಗೆ ಹೋಲಿಸುವಾಗ ಬರುವುದೂ ಇದೇ ಪದ. ಅಂದರೆ ಕಾಲದ ಅರ್ಥದಲ್ಲಿ ಬಳಸಿದಾಗಲೂ ವೇಳೆಗೆ ಒಂದು ಅಂಚಿದೆ. ‘ಶಾಲೆ ಬಿಡುವ ವೇಳೆ’ ಎಂದಾಗ ನಮಗೆ ಕಾಣುವುದು ಸುಮ್ಮನೆ ಹರಿಯುತ್ತಿರುವ ಕಾಲವಲ್ಲ, ಆ ಕಾಲದಲ್ಲಿ ಗೆರೆ ಎಳೆದು ತೋರಿಸಿದ ಒಂದು ಜಾಗ. ‘ವೇಳೆ ಮೀರಿತು’ ಎನ್ನುವಾಗಲೂ, ‘ಅವೇಳೆಯಲ್ಲಿ ಬಂದರು’ ಎನ್ನುವಾಗಲೂ ಆ ಗೆರೆ ಎಲ್ಲಿದೆಯೆಂಬುದು ಮಾತನಾಡುವ ಇಬ್ಬರಿಗೂ ಗೊತ್ತಿರುತ್ತದೆ.

ಕನ್ನಡದಲ್ಲಿ ಈ ಪದ ಇನ್ನೂ ಗಂಭೀರವಾದ ಒಂದು ಅರ್ಥವನ್ನು ಹೊತ್ತುಕೊಂಡಿತ್ತು. ಒಡೆಯನಿಗಾಗಿ ಪ್ರಾಣ ಕೊಡುವುದಾಗಿ ಪ್ರತಿಜ್ಞೆ ಮಾಡಿದ ಭಟರನ್ನು ಹಳೆಯ ಶಾಸನಗಳು ವೇಳೆವಾಳಿ ಎಂದು ಕರೆಯುತ್ತವೆ. ಅಲ್ಲಿ ವೇಳೆ ಎಂದರೆ ಕೊಟ್ಟ ಮಾತು, ಮೀರಬಾರದ ಕಟ್ಟು. ಇಂದು ಯಾರೂ ಪದವನ್ನು ಅಷ್ಟು ಭಾರವಾಗಿ ಬಳಸಬೇಕಾಗಿಲ್ಲ. ಆದರೂ ಎಲ್ಲೆ, ದಂಡೆ, ಗೊತ್ತಾದ ಹೊತ್ತು, ಕೊಟ್ಟ ಮಾತು ಎಂಬ ಈ ನಾಲ್ಕರಲ್ಲಿ ಒಂದೂ ಉಳಿಯದ ಬರಿಯ ಕೆಲಸದ ಸಾಲುಗಳಿಗೆ ಆ ಹೆಸರನ್ನು ಅಂಟಿಸುವಾಗ ಸ್ವಲ್ಪ ಹಿಂಜರಿಯಬೇಕಿತ್ತು.

ಕಾಲಕ್ಕೆ ಸಂಬಂಧಿಸಿದ ಬೇರೆ ಪದಗಳು ನಮ್ಮಲ್ಲಿಲ್ಲವೆಂದೇನೂ ಅಲ್ಲ. ಹೊತ್ತು ಎಂದರೆ ಮೂಲದಲ್ಲಿ ಸೂರ್ಯ. ‘ಹೊತ್ತು ಮುಳುಗಿತು’ ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ, ಹಾಗಾಗಿ ನಾವು ಏನು ಮಾಡಲಿ ಬಿಡಲಿ ಹೊತ್ತು ತಾನಾಗಿ ಸರಿಯುತ್ತದೆ. ಸಮಯಕ್ಕೆ ಒಪ್ಪಂದ, ಸಂಪ್ರದಾಯ, ಮತಸಿದ್ಧಾಂತ ಎಂಬ ಹಳೆಯ ಅರ್ಥಗಳಿವೆ, ಆ ಕಥೆಯೇ ಬೇರೆ. ನಾವು ಗುರುತು ಮಾಡಿದರೆ ಮಾತ್ರ ಇರುವುದು ವೇಳೆ. ‘ಸಮಯಪಟ್ಟಿ’ ಎಂದಾಗಲಿ ‘ಹೊತ್ತಿನ ಪಟ್ಟಿ’ ಎಂದಾಗಲಿ ನೆಲೆಗೊಳ್ಳದೆ ವೇಳಾಪಟ್ಟಿ ಎಂಬುದೇ ನೆಲೆಗೊಂಡದ್ದು ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ.

ಜಾರ್ಜ್ ಬ್ರಾಡ್‌ಶಾ 1839ರಲ್ಲಿ ಇಂಗ್ಲೆಂಡಿನ ಹಲವು ರೈಲು ಕಂಪನಿಗಳ ವೇಳೆಗಳನ್ನು ಒಂದೆಡೆ ಸೇರಿಸಿ ಪ್ರಕಟಿಸಲು ತೊಡಗಿದರು. ಅವರು ಊರುಗಳ ಹೆಸರನ್ನಷ್ಟೇ ಅಚ್ಚು ಮಾಡಿಸಿದ್ದರೆ ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ. ರೈಲಿನ ವೇಳಾಪಟ್ಟಿ ನಮಗೆ ಉಪಯೋಗಕ್ಕೆ ಬರುವುದು ಹೊರಡುವ ಹೊತ್ತು ಮತ್ತು ತಲುಪುವ ಹೊತ್ತು ಎರಡೂ ಅದರಲ್ಲಿರುವುದರಿಂದ. ದಿನದ ಕೆಲಸಕ್ಕೂ ಇದೇ ಅಳತೆಗೋಲು ಸಾಕು: ಯಾವಾಗ ಆರಂಭ, ಯಾವಾಗ ಮುಕ್ತಾಯ ಎಂಬ ಎರಡೂ ಬರೆದಿದ್ದರೆ ಅದು ವೇಳಾಪಟ್ಟಿಯ ಸಾಲು. ಆರಂಭದ ಹೊತ್ತನ್ನು ಮಾತ್ರ ಬರೆದರೆ ಅದು ನೆನಪೋಲೆ, ಮುಕ್ತಾಯದ ದಿನವನ್ನು ಮಾತ್ರ ಬರೆದರೆ ಅದು ಗಡುವು. ಎರಡೂ ಇಲ್ಲದಿದ್ದರೆ ಅದು ಕೆಲಸಗಳ ಪಟ್ಟಿ. ಬಹುಮಂದಿ ಟು ಡೂ ಲಿಸ್ಟ್ ಎನ್ನುತ್ತಾರೆ, ಹಾಗೆ ಕರೆದರೂ ನನ್ನ ತಕರಾರಿಲ್ಲ.

ಹೆಸರು ತಪ್ಪಿದರೆ ಏನು ಹೋಯಿತು ಎಂದು ಕೇಳುವವರು ಒಂದು ದಿನವನ್ನು ಹತ್ತಿರದಿಂದ ನೋಡಬೇಕು. ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬರು ಬೆಳಿಗ್ಗೆ ಆರು ಸಾಲು ಬರೆದಿದ್ದಾರೆ ಎಂದುಕೊಳ್ಳೋಣ: ವರದಿಯ ಕರಡು, ಬಾಕಿ ಇಮೇಲ್‌ಗಳಿಗೆ ಉತ್ತರ, ತಿಂಗಳ ಲೆಕ್ಕದ ಪರಿಶೀಲನೆ, ನಾಳಿನ ಸಭೆಗೆ ಟಿಪ್ಪಣಿ, ವಿಮೆ ನವೀಕರಣದ ಅರ್ಜಿ, ಹೊಸ ಸಹೋದ್ಯೋಗಿಗೆ ಕೆಲಸ ವಿವರಿಸುವುದು. ಆರೇ ಸಾಲು ಎಂದು ನೋಡಿದವರಿಗೆ ಹಗುರವೆನಿಸುತ್ತದೆ. ಈಗ ಪ್ರತಿಯೊಂದಕ್ಕೂ ಅವಧಿ ಹಾಕಿ. ಕರಡಿಗೆ ಮೂರು ಗಂಟೆ, ಇಮೇಲ್‌ಗಳಿಗೆ ಒಂದು, ಲೆಕ್ಕಕ್ಕೆ ಒಂದೂವರೆ, ಟಿಪ್ಪಣಿಗೆ ಒಂದು, ಅರ್ಜಿಗೆ ಅರ್ಧ, ಸಹೋದ್ಯೋಗಿಗೆ ಒಂದು, ಒಟ್ಟು ಎಂಟು ಗಂಟೆ. ಒಂಬತ್ತರಿಂದ ಐದರವರೆಗಿನ ದಿನದಲ್ಲಿ ಊಟಕ್ಕೆ ಒಂದು ಗಂಟೆ, 11ಕ್ಕೂ 3ಕ್ಕೂ ಇರುವ ಎರಡು ಸಭೆಗಳಿಗೆ ಎರಡು ಗಂಟೆ ಕಳೆದರೆ ಉಳಿಯುವುದು ಐದು. ಆ ಐದೂ ಒಂದೇ ಕಡೆ ಸಿಗುವುದಿಲ್ಲ: 9ರಿಂದ 11, 12ರಿಂದ 1, 2ರಿಂದ 3, 4ರಿಂದ 5 ಎಂದು ತುಂಡು ತುಂಡಾಗಿ ಸಿಗುತ್ತವೆ. ಕರಡನ್ನು ಮೊದಲ ಎರಡು ತುಂಡುಗಳಿಗೆ ಹಾಕಿದರೆ ಉಳಿದ ಎರಡರಲ್ಲಿ ಟಿಪ್ಪಣಿಯೂ ಸಹೋದ್ಯೋಗಿಯ ಕೆಲಸವೂ ಕೂರುತ್ತವೆ. ಇಮೇಲ್, ಲೆಕ್ಕ, ಅರ್ಜಿ ಈ ಮೂರು ಹೊರಗೇ ನಿಂತವು.

ಹಾಗೆ ಹೊರಗೆ ನಿಂತದ್ದು ಬೆಳಿಗ್ಗೆ ಒಂಬತ್ತಕ್ಕೇ ಗೊತ್ತಾಗುವುದು ವೇಳಾಪಟ್ಟಿಯ ಕೆಲಸ. ಗೊತ್ತಾದರೆ ಲೆಕ್ಕವನ್ನು ನಾಳೆಗೆ ಒಯ್ಯಬಹುದು, ಅರ್ಜಿಯನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಕರಡಿನ ಗಡುವನ್ನು ಮುಂದಕ್ಕೆ ಹಾಕಲು ಕೇಳಬಹುದು. ಕೆಲಸಗಳ ಪಟ್ಟಿಯಲ್ಲಿ ಇದು ತಿಳಿಯುವುದು ಸಂಜೆ ಐದಕ್ಕೆ, ಮಾಡಲು ಏನೂ ಉಳಿಯದ ಹೊತ್ತಿಗೆ. ಪಟ್ಟಿಗೆ ಎಷ್ಟು ಸಾಲುಗಳನ್ನಾದರೂ ಸೇರಿಸುತ್ತಾ ಹೋಗಬಹುದು, ಅದು ಬೇಡವೆನ್ನುವುದಿಲ್ಲ. ವೇಳೆಗೆ ಅಂಚಿರುವುದರಿಂದ ಅದು ಬೇಡವೆನ್ನುತ್ತದೆ. ಈ ವ್ಯತ್ಯಾಸವನ್ನು ಅಳಿಸಿಹಾಕಿ ಎರಡಕ್ಕೂ ಒಂದೇ ಹೆಸರಿಟ್ಟವರು, ‘ಎಷ್ಟು ಯೋಜನೆ ಮಾಡಿದರೂ ದಿನ ಸಾಲುವುದಿಲ್ಲ’ ಎಂದು ಕೊರಗುವವರಿಗೆ ಅವರು ಯೋಜನೆಯನ್ನು ಇನ್ನೂ ಮಾಡಿಯೇ ಇಲ್ಲವೆಂಬ ಸಂಗತಿಯನ್ನು ಮರೆಮಾಚುತ್ತಾರೆ.

ಅವಧಿಯನ್ನು ಬರೆಯುವುದೇ ಕಷ್ಟದ ಭಾಗ ಎಂಬುದನ್ನು ಒಪ್ಪಬೇಕು, ಬಹುಶಃ ಜನ ಅದನ್ನು ಬಿಟ್ಟುಬಿಡುವುದೂ ಅದಕ್ಕಾಗಿಯೇ. ನಮ್ಮ ಕೆಲಸಕ್ಕೆ ಎಷ್ಟು ಕಾಲ ಬೇಕೆಂಬುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಈ ದೋಷಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ (ಯೋಜನೆಯ ಭ್ರಮೆ) ಎಂದು ಹೆಸರಿಟ್ಟರು. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ತಮಗೆ ಸರಾಸರಿ ಸುಮಾರು 34 ದಿನ ಬೇಕೆಂದರು, ಎಲ್ಲವೂ ಕೆಟ್ಟರೆ 49 ದಿನ ಹಿಡಿಯಬಹುದೆಂದರು. ವಾಸ್ತವದಲ್ಲಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಕೆಟ್ಟದ್ದನ್ನು ಊಹಿಸಿ ಹೇಳಿದ ಲೆಕ್ಕವೂ ಸಾಲಲಿಲ್ಲ. ಆದರೆ ಅಂದಾಜು ತಪ್ಪುತ್ತದೆಂದು ಅಂದಾಜನ್ನೇ ಬಿಟ್ಟರೆ, ಎಷ್ಟು ತಪ್ಪಿತೆಂದು ತಿಳಿಯುವ ದಾರಿಯೂ ಇಲ್ಲವಾಗುತ್ತದೆ.

ಹೊತ್ತನ್ನು ಗೊತ್ತು ಮಾಡುವುದರಿಂದ ಇನ್ನೊಂದು ಲಾಭವಿದೆ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿಕೊಂಡವರು, ಮಾಡಬೇಕೆಂಬ ಬರಿಯ ಇಚ್ಛೆಯುಳ್ಳವರಿಗಿಂತ ಹೆಚ್ಚು ಬಾರಿ ಕೆಲಸ ಮುಗಿಸುತ್ತಾರೆಂದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1990ರ ದಶಕದಿಂದ ಅನೇಕ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಮನಶ್ಶಾಸ್ತ್ರಜ್ಞರೇ ಆದ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡುಕೊಂಡದ್ದು ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ: ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ತಲೆಗೆ ನುಗ್ಗಿ ಕಾಡುತ್ತದೆ, ಆದರೆ ಅದನ್ನು ಯಾವಾಗ ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಯೋಜಿಸಿದ ಮೇಲೆ, ಕೆಲಸ ಮುಗಿಯದಿದ್ದರೂ ಕಾಟ ಕಡಿಮೆಯಾಗುತ್ತದೆ. ಕೆಲಸದ ಹೆಸರನ್ನು ಬರೆದಿಟ್ಟರೆ ಮನಸ್ಸು ಹಗುರವಾಗುತ್ತದೆಂದು ಹೇಳುವವರು ಈ ಷರತ್ತನ್ನು ಗಮನಿಸಬೇಕು.

ಈ ಗುಂಪಿನ ಇನ್ನೆರಡು ಪದಗಳು. ಕಾರ್ಯಸೂಚಿ ಸಭೆಗೆ ಸೇರಿದ್ದು, ಅದರಲ್ಲಿ ಕ್ರಮ ಮುಖ್ಯ. ಹೊತ್ತು ಇರಬಹುದು, ಇಲ್ಲದೆಯೂ ಇರಬಹುದು. ದಿನಚರಿ ಎಂದರೆ ದಿನವೂ ನಡೆದುಕೊಳ್ಳುವ ರೀತಿ, ಅಥವಾ ನಡೆದದ್ದನ್ನು ಬರೆದಿಟ್ಟ ಪುಸ್ತಕ. ನಾಳೆ ಮಾಡಬೇಕಾದದ್ದನ್ನು ದಿನಚರಿ ಎನ್ನುವುದೂ ಸರಿಯಲ್ಲ, ಏಕೆಂದರೆ ಅದು ಇನ್ನೂ ಅಭ್ಯಾಸವೂ ಆಗಿಲ್ಲ, ನಡೆದೂ ಇಲ್ಲ.

ದಿನವನ್ನು ಗಂಟೆಗಳ ಲೆಕ್ಕದಲ್ಲಿ ಕಟ್ಟಿಹಾಕುವುದು ಎಲ್ಲರಿಗೂ ಸಾಧ್ಯವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹದಿನೆಂಟನೆಯ ಶತಮಾನದ ಅಮೆರಿಕದ ಮುದ್ರಕ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಕೊಟ್ಟ ದಿನದ ವೇಳಾಪಟ್ಟಿ ಪ್ರಸಿದ್ಧವಾದದ್ದು: ಬೆಳಿಗ್ಗೆ 5ಕ್ಕೆ ಎದ್ದು ದಿನದ ಕೆಲಸವನ್ನು ಯೋಜಿಸುವುದು, 8ರಿಂದ 12 ಕೆಲಸ, 12ರಿಂದ 2 ಓದು, ಲೆಕ್ಕ ಮತ್ತು ಊಟ, 2ರಿಂದ 6 ಮತ್ತೆ ಕೆಲಸ, ಆಮೇಲೆ ಸಾಮಾನುಗಳನ್ನು ಸ್ವಸ್ಥಾನದಲ್ಲಿಡುವುದು, ರಾತ್ರಿಯೂಟ, ಸಂಗೀತ ಅಥವಾ ಮಾತುಕತೆ, ದಿನದ ಪರಿಶೀಲನೆ, 10ಕ್ಕೆ ನಿದ್ರೆ. ಇದನ್ನು ಉದಾಹರಿಸುವವರು ಅದರ ಪಕ್ಕದಲ್ಲೇ ಆತ ಬರೆದ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ತಾನು ಪಾಲಿಸಲೆಂದು ಹಾಕಿಕೊಂಡ ನಿಯಮಗಳಲ್ಲಿ, ಪ್ರತಿ ಕೆಲಸಕ್ಕೂ ಅದರದೇ ಹೊತ್ತಿರಬೇಕೆಂಬ ಅಚ್ಚುಕಟ್ಟಿನ ನಿಯಮವೇ ತನಗೆ ಅತಿ ಹೆಚ್ಚು ತೊಂದರೆ ಕೊಟ್ಟಿತೆಂದು, ಮುದ್ರಣಾಲಯದ ಕೂಲಿ ಕೆಲಸಗಾರನಂತೆ ತನ್ನ ಹೊತ್ತು ತನ್ನ ಕೈಯಲ್ಲಿರುವವನಿಗೆ ಅದು ಸಾಧ್ಯವಾಗಬಹುದಾದರೂ, ವ್ಯವಹಾರದ ಜನರನ್ನು ಅವರು ಬಂದ ಹೊತ್ತಿಗೆ ಕಾಣಬೇಕಾದ ಯಜಮಾನನಿಗೆ ಕಷ್ಟವೆಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ. ಬೇರೆಯವರ ಕರೆಗೆ ಓಗೊಡಬೇಕಾದ ಕೆಲಸದಲ್ಲಿರುವವರು, ಮಕ್ಕಳನ್ನೋ ರೋಗಿಗಳನ್ನೋ ನೋಡಿಕೊಳ್ಳುವವರು ಇಂದಿಗೂ ಅದೇ ಸ್ಥಿತಿಯಲ್ಲಿದ್ದಾರೆ, ಅವರಿಗೆ ಸೋಮಾರಿಗಳೆಂದು ಬುದ್ಧಿ ಹೇಳುವುದು ಅನ್ಯಾಯ. ಆದರೆ ಅವರಿಗೂ ವೇಳಾಪಟ್ಟಿ ಬೇಡವೆಂದಾಗುವುದಿಲ್ಲ. ತಮ್ಮ ಕೈಯಲ್ಲಿರುವ ಒಂದೋ ಎರಡೋ ಗಂಟೆಗಳಿಗೆ ಮಾತ್ರ ವೇಳೆ ಗೊತ್ತು ಮಾಡಿ, ಉಳಿದದ್ದನ್ನು ಬರುವವರಿಗೆಂದು ಖಾಲಿ ಬಿಟ್ಟರೆ ಅದೂ ನಿಜವಾದ ವೇಳಾಪಟ್ಟಿಯೇ. ಖಾಲಿ ಬಿಟ್ಟ ಹೊತ್ತಿಗೂ ಆರಂಭ ಮತ್ತು ಮುಕ್ತಾಯಗಳಿವೆ.

ಬರೆದದ್ದನ್ನು ಮಧ್ಯಾಹ್ನ ಬದಲಿಸಿದರೆ ಅದು ವೇಳಾಪಟ್ಟಿಯಾಗಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಖಂಡಿತ ಉಳಿಯುತ್ತದೆ. ಹಳೆಯ ವೇಳೆಯನ್ನು ಅಳಿಸಿ ಕೈತೊಳೆದುಕೊಳ್ಳದೆ, ಅದರ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಬಿಟ್ಟು, ಕೆಲಸ ನಿಜವಾಗಿ ಎಷ್ಟಕ್ಕೆ ಆರಂಭವಾಗಿ ಎಷ್ಟಕ್ಕೆ ಮುಗಿಯಿತೆಂದು ಬರೆಯಬೇಕು. ಎಡಗಡೆಯದು ವೇಳಾಪಟ್ಟಿ, ಬಲಗಡೆಯದು ದಿನಚರಿ. ಒಂದೆರಡು ವಾರ ಹೀಗೆ ಬರೆದವರಿಗೆ, ತಾವು ಮೂರು ಗಂಟೆ ಎಂದುಕೊಂಡ ಕರಡು ಪ್ರತಿ ಬಾರಿಯೂ ನಾಲ್ಕೂವರೆ ಹಿಡಿಯುತ್ತದೆಂಬಂಥ ಸಂಗತಿಗಳು ಕಾಣಿಸತೊಡಗುತ್ತವೆ, ಮತ್ತು ಮುಂದಿನ ಬಾರಿ ಎಡಗಡೆ ನಾಲ್ಕೂವರೆ ಎಂದೇ ಬರೆಯುವಷ್ಟು ಧೈರ್ಯ ಬರುತ್ತದೆ.