ಹಂಚಿನ ಮಾಡಿಗೆ ಏಣಿ ಇಡುವ ಮೊದಲು

ಕರಾವಳಿಯಲ್ಲಿ ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಹಂಚು ಕೈಯಾಡಿಸಿ ಮುಗಿಸಬೇಕೆಂಬ ಅವಸರದಲ್ಲಿ, ಮೇ ತಿಂಗಳು ಬಂದೊಡನೆ ಮನೆಯ ಹುಡುಗರೋ ತೋಟದ ಕೆಲಸಕ್ಕೆ ಬಂದವರೋ ನೇರವಾಗಿ ಏಣಿ ಇಟ್ಟು ಮಾಡು (ಚಾವಣಿ) ಹತ್ತಿಬಿಡುತ್ತಾರೆ. ಹಳೆಯ ಮನೆಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ಎಂಜಿನಿಯರ್ ಆಗಿ ನಾನು ಮನೆಯವರಿಗೆ ಮೊದಲು ಹೇಳುವ ಮಾತು ಒಂದೇ: ಮಾಡನ್ನು ಒಳಗಿನಿಂದ ನೋಡದೆ ಯಾರನ್ನೂ ಮೇಲೆ ಹತ್ತಿಸಬೇಡಿ.

ಕೆಲವು ವರ್ಷಗಳ ಹಿಂದೆ ನಾನು ಪರಿಶೀಲನೆಗೆ ಹೋದ ಮನೆಯೊಂದರಲ್ಲಿ, ಹಿಂದಿನ ವಾರವಷ್ಟೇ ಒಡೆದ ಹಂಚು ಬದಲಿಸಲು ಹತ್ತಿದ್ದ ಮನೆಮಗ, ಹಂಚು ಕೂರುವ ಅಡ್ಡ ಮರಪಟ್ಟಿಯಾದ ರೀಪು ಮುರಿದು ನೇರ ಚಾವಡಿಗೆ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಟ್ಟಕ್ಕೆ ಹೋಗಿ ಪಕ್ಕದ ರೀಪಿಗೆ ಸ್ಕ್ರೂಡ್ರೈವರಿನ ಮೊನೆ ಒತ್ತಿದರೆ ಅದು ಅರ್ಧ ಇಂಚು ಸಲೀಸಾಗಿ ಒಳಗಿಳಿಯಿತು. ಮೇಲಿನ ಹಂಚು ಮಾತ್ರ ಸಾಲುಸಾಲಾಗಿ, ಏನೂ ಆಗದಂತೆ ಕುಳಿತಿತ್ತು. ಗೆದ್ದಲು ತಿಂದ ಮರ ಮೇಲಿನಿಂದ ಕಾಣುವುದಿಲ್ಲ ಎಂಬುದನ್ನು ಆ ಮನೆಯವರು ಇಷ್ಟು ನೋವು ತಿಂದು ಅರಿಯಬೇಕಾಯಿತಲ್ಲ ಎಂಬ ಸಂಕಟ ನನ್ನಲ್ಲಿ ಇನ್ನೂ ಉಳಿದಿದೆ.

ಒಳಗಿನ ಪರಿಶೀಲನೆಗೆ ನಡುಮಧ್ಯಾಹ್ನ ಒಳ್ಳೆಯ ಹೊತ್ತು. ಅಟ್ಟದ ದೀಪ ಆರಿಸಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತರೆ, ಸರಿದ ಹಂಚು, ಒಡೆದ ಹಂಚು ಎಲ್ಲವೂ ಬೆಳಕಿನ ಗೆರೆಗಳಾಗಿ ಕಾಣಿಸುತ್ತವೆ. ಆಮೇಲೆ ಟಾರ್ಚ್ ಹಿಡಿದು ಪಕ್ಕಾಸು (ರೀಪನ್ನು ಹೊರುವ ಇಳಿಜಾರು ಮರ), ರೀಪುಗಳ ಮೇಲೆ ನೀರು ಹರಿದ ಕಪ್ಪು ಕಲೆಗಳನ್ನು ಹುಡುಕಬೇಕು. ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ತಿಳಿಯುವುದು ತಪ್ಪು. ಮೇಲೆಲ್ಲೋ ಒಳಗೆ ಬಂದ ನೀರು ಪಕ್ಕಾಸಿನ ಇಳಿಜಾರಿನಲ್ಲೇ ಹರಿದು, ಗಂಟೋ ಮೊಳೆಯೋ ತಡೆದಲ್ಲಿ ಕೆಳಗೆ ಬೀಳುವುದರಿಂದ, ಕಲೆಯ ಜಾಡು ಹಿಡಿದು ಮೇಲಕ್ಕೆ ಹೋಗಬೇಕು. ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿಯನ್ನು ತಪ್ಪದೆ ಚುಚ್ಚಿ ನೋಡಿ. ತೇವ ನಿಲ್ಲುವುದೂ ಗೆದ್ದಲು ಹತ್ತುವುದೂ ಹೆಚ್ಚಾಗಿ ಅಲ್ಲಿಂದಲೇ.

ಬಳಿಕ ಅಂಗಳದಲ್ಲಿ ದೂರ ನಿಂತು ಮಾಡಿನ ನೆತ್ತಿಯ ತುದಿಗೆರೆಯನ್ನು ನೋಡಬೇಕು. ಅದು ನೇರವಾಗಿರದೆ ನಡುವೆ ಬಾಗಿದ್ದರೆ ಒಳಗಿನ ಮರ ಸೋತಿದೆಯೆಂದು ಅರ್ಥ. ಅಂಥ ಮಾಡಿಗೆ ಯಾರೂ ಹತ್ತದೆ, ಕೆಳಗಿನಿಂದ ಊರೆ (ಆಧಾರದ ಕಂಬ) ಕೊಟ್ಟ ಮೇಲೆಯೇ ಕೆಲಸ ಹಿಡಿಯಬೇಕು. ಮೊಬೈಲಿನ ಕ್ಯಾಮೆರಾ ಹಿಗ್ಗಿಸಿ ನೋಡಿದರೆ ತುದಿಹಂಚಿನ ಗಾರೆ ಬಿರಿದಿರುವುದು, ಎರಡು ಮಾಡು ಕೂಡುವ ಒಳಮೂಲೆಯಲ್ಲಿ ತರಗೆಲೆ ತುಂಬಿರುವುದು ನೆಲದಿಂದಲೇ ತಿಳಿಯುತ್ತದೆ. ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಈ ಒಳಮೂಲೆಯವೇ. ಅಲ್ಲಿನ ತಗಡು ತುಕ್ಕು ಹಿಡಿದು ತೂತಾಗುತ್ತದೆ, ಇಲ್ಲವೇ ಎಲೆ ಕಟ್ಟಿ ನಿಂತ ನೀರು ಹಂಚಿನಡಿಗೆ ನುಗ್ಗುತ್ತದೆ.

1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹರಡಿದ ಈ ಹಂಚಿನ ರಚನೆಯೇ ನಮ್ಮ ನೆರವಿಗೆ ಬರುತ್ತದೆ. ಹಂಚನ್ನು ಸಾಮಾನ್ಯವಾಗಿ ಮೊಳೆಯಿಂದಲೋ ಗಾರೆಯಿಂದಲೋ ಬಿಗಿದಿರುವುದಿಲ್ಲ. ಅದು ಅಡಿಯ ಗುಬ್ಬಿಯಂಥ ಉಬ್ಬುಗಳಿಂದ ರೀಪಿಗೆ ತಗುಲಿಕೊಂಡು ತನ್ನ ಭಾರದಿಂದಲೇ ನಿಂತಿರುತ್ತದೆ. ಆದ್ದರಿಂದ ತುದಿ ಮತ್ತು ಅಂಚಿನ ಸಾಲುಗಳನ್ನು ಬಿಟ್ಟರೆ, ಅಟ್ಟದಲ್ಲಿ ಭದ್ರವಾದ ಹಲಗೆಯ ಮೇಲೆ ನಿಂತು ಅಕ್ಕಪಕ್ಕದ ಹಂಚುಗಳನ್ನು ತುಸು ಮೇಲಕ್ಕೆತ್ತಿ, ಒಡೆದದ್ದನ್ನು ಒಳಗಿನಿಂದಲೇ ಬದಲಿಸಬಹುದು. ಆದರೆ ಬೇರೆ ಬೇರೆ ಕಾರ್ಖಾನೆಗಳ ಅಚ್ಚು ಒಂದೇ ಆಗಿರದು. ತೋಡು ತೋಡಿಗೆ ಕೂಡದ ಹಂಚು ಹೊಸದಾದರೂ ಸೋರುತ್ತದೆ. ಹಂಚಿನ ಮೇಲಿನ ಮುದ್ರೆ ನೋಡಿ ಅದೇ ಮಾದರಿಯ ನಲವತ್ತು ಐವತ್ತು ಹಂಚನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಒಳಮೂಲೆಯ ತಗಡು ಮತ್ತು ತುದಿಹಂಚಿನ ಗಾರೆಗಂತೂ ಮೇಲೆ ಹತ್ತಲೇಬೇಕಾಗುತ್ತದೆ. ಅದಕ್ಕೆ ಅನುಭವಿಯೊಬ್ಬನನ್ನು ಕರೆಸಿ, ಬೆಳಗಿನ ತಂಪಿನಲ್ಲೇ ಮುಗಿಸಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಸಿಡಿಲಿನ ಭಯವಿದೆ. ಏಣಿಯ ಬುಡ ಗೋಡೆಯಿಂದ ಅದರ ಎತ್ತರದ ನಾಲ್ಕನೇ ಒಂದರಷ್ಟು ದೂರವಿರಬೇಕು, ತುದಿ ಸೂರಿಗಿಂತ ಮೂರು ಅಡಿ ಮೇಲೆ ಚಾಚಿರಬೇಕು, ಬುಡದಲ್ಲಿ ಒಬ್ಬರು ಹಿಡಿದಿರಬೇಕು. ಕಂಬದಿಂದ ಬರುವ ವಿದ್ಯುತ್ ತಂತಿ ಸೂರಿನ ಬಳಿಯೇ ಇರುವ ಮನೆಗಳಲ್ಲಿ ಅಲ್ಯೂಮಿನಿಯಂ ಏಣಿಯನ್ನಾಗಲಿ ದೋಟಿಯನ್ನಾಗಲಿ ತರಲೇಬಾರದು. ಮನೆಯ ಮೈನ್ ಸ್ವಿಚ್ ಆರಿಸಿದರೂ ಹೊರಗಿನ ಆ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಲೈನ್‌ಮನ್‌ಗೆ ಹೇಳಿ ಕಂಬದಲ್ಲೇ ತಪ್ಪಿಸಬೇಕು.

ಮೈಗೆ ಪೂರ್ತಿ ಬಿಗಿಯುವ ಸುರಕ್ಷಾ ಪಟ್ಟಿ ತೊಟ್ಟು, ಅದರ ಹಗ್ಗವನ್ನು ಮಾಡಿನ ತುದಿ ದಾಟಿಸಿ ಆಚೆ ಬದಿಯ ಅಂಗಳದ ಗಟ್ಟಿ ಮರಕ್ಕೋ ಮನೆಯ ಗಟ್ಟಿ ಕಂಬಕ್ಕೋ ಕಟ್ಟಬೇಕು. ರೀಪಿಗೆ ಕಟ್ಟಿದ ಹಗ್ಗದಿಂದ ಯಾವ ರಕ್ಷಣೆಯೂ ಇಲ್ಲ. ಹಂಚಿನ ನಡುವೆ ಕಾಲಿಡದೆ, ಒಂದರ ಮೇಲೊಂದು ಕೂರುವ, ಕೆಳಗೆ ರೀಪಿರುವ ಜಾಗದಲ್ಲೇ ಹೆಜ್ಜೆ ಇಡಬೇಕು. ಪಟ್ಟಿ ಹೊಡೆದ ಹಲಗೆಯನ್ನು ತುದಿಗೆ ಕೊಕ್ಕೆ ಹಾಕಿ ಇಳಿಬಿಟ್ಟು ಅದರ ಮೇಲೆ ನಡೆಯುವುದು ಇನ್ನೂ ಮೇಲು. ಕೊಟ್ಟಿಗೆಯ ಸಿಮೆಂಟ್ ಶೀಟು ಮತ್ತು ಬೆಳಕಿಗೆಂದು ಹಾಕಿದ ಫೈಬರ್ ಶೀಟಿನ ಮೇಲೆ ಮಾತ್ರ ಹಲಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಬಿಸಿಲಿಗೆ ಪೆಡಸಾದ ಶೀಟು ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಮೊದಲ ಮಳೆ ಬಿದ್ದು ಹಂಚಿನ ಹಾವಸೆ ನೆನೆದ ಮೇಲೆ ಮಾಡು ಹತ್ತುವ ಮಾತೇ ಬೇಡ. ಆಗ ಸೋರಿದರೆ ಒಳಗಿನಿಂದ ಹಂಚೆತ್ತಿ ತಗಡಿನ ತುಂಡನ್ನೋ ಅಡಕೆ ಹಾಳೆಯನ್ನೋ ಮೇಲಿನ ಸಾಲಿನಡಿಗೆ ತೂರಿಸಿ, ಕೆಳತುದಿ ಕೆಳಗಿನ ಹಂಚಿನ ಮೇಲೆ ಬರುವಂತೆ ಇಳಿಬಿಟ್ಟರೆ ನೀರು ಹೊರಗೇ ಹರಿದುಹೋಗುತ್ತದೆ. ಆ ಜಾಗವನ್ನು ಪಕ್ಕಾಸಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಡಿ. ಮುಂದಿನ ಬೇಸಿಗೆಯಲ್ಲಿ ಮೇಲೆ ಹತ್ತುವವನು ಹುಡುಕುತ್ತ ಅಲೆಯಬೇಕಾಗುವುದಿಲ್ಲ.