ಗುಪ್ತ ಸ್ಯಾಟಲೈಟ್‌ನ ಮಾಳಗಿ ಮ್ಯಾಲ ನಿಂತ ಹಿಡಿಯೂದ ಹೆಂಗ?

ಪ್ರಶ್ನೆ: ಸರ, ಅಮೆರಿಕಾದವರು ತಮ್ಮ ಬೇಹುಗಾರಿಕೆ ಸ್ಯಾಟಲೈಟ್ ಎಲ್ಲೈತಿ ಅಂತ ಯಾರಿಗೂ ಹೇಳಂಗಿಲ್ಲ, ಮತ್ತ ಬರೇ ಬೈನಾಕ್ಯುಲರ್ ಹಿಡಕೊಂಡ ಮಂದಿ ಅದರ ಕಕ್ಷೆ ಹೆಂಗ ಕಂಡಹಿಡಿತಾರ್ರೀ? (ಕೇಶ್ವಾಪುರ, ಹುಬ್ಬಳ್ಳಿಯಿಂದ)

ಹೇಳಲಿಲ್ಲಂದ್ರ ಏನಾತ್ರೀ, ಕಣ್ಣಿಗೆ ಕಾಣತೈತಲ್ಲ! ಸಂಜಿಮುಂದ ನಮಗ ಕತ್ತಲಾದ್ರೂ 400-500 ಕಿಲೋಮೀಟರ್ ಮ್ಯಾಲ ಇನ್ನೂ ಬಿಸಲ ಇರತೈತಿ, ಆ ಬಿಸಲಿಗೆ ಸ್ಯಾಟಲೈಟ್ ಚುಕ್ಕಿಯಂಗ ಹೊಳಕೋಂತ ಸರದ ಹೋಗತೈತಿ. ಅಮೆರಿಕಾ ಮಿಲಿಟರಿಯವರು ಸಾವಿರಾರು ಸ್ಯಾಟಲೈಟ್‌ಗಳ ಕಕ್ಷೆ ಲೆಕ್ಕ ಎಲ್ಲಾರಿಗೂ ಸಿಗೂವಂಗ ಹಾಕ್ತಾರ, ತಮ್ಮ ಗುಪ್ತದ್ದಷ್ಟ ಬಿಡತಾರ. ಹಂಗಾಗಿ ಲಿಸ್ಟ್‌ನ್ಯಾಗ ಇಲ್ಲದ್ದೊಂದ ಚುಕ್ಕಿ ಹೊಂಟಿತಂದ್ರ ಈ ಮಂದಿಗೆ ಹಬ್ಬ.

ಖರೇ ಕೆಲಸ ಇರೂದು ಟೈಮಿಂದು. ಚಳಿಗಾಲದಾಗ ನೃಪತುಂಗ ಬೆಟ್ಟದ ಮ್ಯಾಲ ನಿಂತೀರಿ ಅಂತ ಇಟ್ಕೋರಿ. ರೋಹಿಣಿ ನಕ್ಷತ್ರ (ರೋಹಿಣಿ ಮಳಿ ಅಂತೀವಲ್ಲ, ಅದ, ಕೆಂಪಗ ಕಾಣತೈತಿ) ಮತ್ತ ಅದರ ಬಾಜೂಕಿನ ಒಂದ ಸಣ್ಣ ಚುಕ್ಕಿ ನಡುವ ಗೆರಿ ಐತಿ ಅಂತ ಮನಸ್ಸಿನ್ಯಾಗ ಎಳಕೊಂಡು, ಸ್ಯಾಟಲೈಟ್ ಆ ಗೆರಿ ದಾಟೂ ಹೊತ್ತಿಗೆ ಸರಿಯಾಗಿ ಸ್ಟಾಪ್‌ವಾಚ್ ಒತ್ತಬೇಕು, ರೋಹಿಣಿ ಕಡಿಂದ ಎಷ್ಟ ಪಾಲಿನ್ಯಾಗ ದಾಟ್ತು ಅಂತ ಬರಕೋಬೇಕು. ಸೆಕೆಂಡಿಗೆ 7.5 ಕಿಲೋಮೀಟರ್ ಓಡೂ ಸಾಮಾನ ಅದು, ಸೆಕೆಂಡಿನ ಹತ್ತನೇ ಒಂದ ಪಾಲು ಗುಂಡಿ ತಡಾ ಒತ್ತಿದ್ರ 750 ಮೀಟರ್ ಫರಕ ಬೀಳತೈತಿ. ಬ್ಯಾರೆ ಬ್ಯಾರೆ ಊರಿನವರು ಹಿಂಗ ಬರದದ್ದನ್ನ ಕೂಡಿಸಿ ಲೆಕ್ಕ ಹಾಕಿದ್ರ ಕಕ್ಷೆ ಸಿಗತೈತಿ.

2010ರ ಏಪ್ರಿಲ್‌ನ್ಯಾಗ ಎಕ್ಸ್-37ಬಿ ಅನ್ನೂ, ಮಂದಿ ಇಲ್ಲದ ಗುಪ್ತ ಬಾಹ್ಯಾಕಾಶ ವಿಮಾನ ಹಾರಿಸಿ ಅಮೆರಿಕಾ ಗಪ್‌ಚಿಪ್ ಕುಂತಿತ್ತು, ಒಂದ ತಿಂಗಳದಾಗ ಕೆನಡಾ, ದಕ್ಷಿಣ ಆಫ್ರಿಕಾದ ಹವ್ಯಾಸಿಗಳು ಹಿಡದಬಿಟ್ರು. 2019ರಾಗ ಟ್ರಂಪ್ ಸಾಹೇಬ್ರು ಇರಾನ್ ರಾಕೆಟ್ ನೆಲೆಯ ಫೋಟೋ ಟ್ವೀಟ್ ಮಾಡಿದ್ರಲ್ಲ, ಅದರಾಗಿನ ನೆರಳ ನೋಡೇ ಟೈಮ್ ತಗದು, ಆ ಹೊತ್ತಿಗೆ ಅಲ್ಲಿ ಮ್ಯಾಲ ಇದ್ದದ್ದು ಯುಎಸ್‌ಎ-224 ಅನ್ನೂ ಬೇಹುಗಾರಿಕೆ ಸ್ಯಾಟಲೈಟ್ ಅಂತ ಈ ಹವ್ಯಾಸಿಗಳ ಹೇಳಿದ್ರು!

ಇದರಿಂದ ದೇಶದ ಗುಟ್ಟ ಬಯಲಾಗಂಗಿಲ್ಲೇನು ಅಂತ ಕೆಲವರು ಕೇಳ್ತಾರ. ರಷ್ಯಾ, ಚೀನಾದವರ ಹತ್ರ ದೊಡ್ಡ ದೊಡ್ಡ ರಾಡಾರ್ ಅದಾವ್ರೀ, ಮಾಳಗಿ ಮ್ಯಾಲಿನವರನ್ನ ಕೇಳಿ ತಿಳಕೊಳ್ಳೂ ಗತಿ ಅವರಿಗಿಲ್ಲ. ಸ್ಯಾಟಲೈಟ್ ನಡಸೂವ್ರೂ ಸುಮ್ನ ಕುಂಡ್ರಂಗಿಲ್ಲ, ನಡುನಡುವ ಎಂಜಿನ್ ಹಚ್ಚಿ ಕಕ್ಷೆ ಬದಲ ಮಾಡತಾರ, ಬರೂ ಟೈಮಿಗೆ ಬರಲಿಲ್ಲಂದ್ರ ಮತ್ತ ಹುಡಕಾಟ ಚಾಲೂ.

ನಿಮಗೂ ಹುಕಿ ಬಂದಿದ್ರ ಮಳಿಗಾಲದಾಗ ಆಸೆ ಬಿಡ್ರಿ, ಡಿಸೆಂಬರ್ ಹೊತ್ತಿಗೆ ಆಕಾಶ ತಿಳಿ ಆಗತೈತಿ. ಮೊದಲ ಇಂಟರ್‌ನ್ಯಾಷನಲ್ ಸ್ಪೇಸ್ ಸ್ಟೇಶನ್ ಮ್ಯಾಲ ಕೈ ಪಳಗಿಸ್ರಿ, ಅದು ಯಾವಾಗ ಬರತೈತಿ ಅಂತ ನಾಸಾದವರ ಹೇಳತಾರ, ನಿಮ್ಮ ಸ್ಟಾಪ್‌ವಾಚ್ ಎಷ್ಟ ಖರೇ ಅಂತ ಅದರ ಮ್ಯಾಲೇ ಗೊತ್ತಾಗತೈತಿ.