ಗೋಡೆಯನ್ನು ಹಿಡಿದಿರುವ ಮಂಟಪ

ಸೇದುವ ಬಾವಿಯಲ್ಲಿ ನೀರು ಹಗ್ಗದ ತುದಿಯಲ್ಲಿ ಮೇಲೆ ಬರುತ್ತದೆ. ನಡೆಬಾವಿಯಲ್ಲಿ ನಾವೇ ಅದರ ಬಳಿಗೆ ಇಳಿದು ಹೋಗಬೇಕು. ಹಳೆಯ ಕಟ್ಟಡಗಳ ಸಂರಕ್ಷಣೆ ನನ್ನ ಕಸುಬು. ಹಾಗಾಗಿ ಮೆಟ್ಟಿಲಿಳಿಯುವಾಗ ನನ್ನ ಕಣ್ಣು ಮೊದಲು ಹುಡುಕುವುದು ಎರಡೂ ಬದಿಯ ಗೋಡೆಗಳು ಎಲ್ಲಿ ಉಬ್ಬಿವೆ ಎಂಬುದನ್ನು.

ಅಹಮದಾಬಾದ್ ಸಮೀಪದ ಅಡಾಲಜ್‌ನಲ್ಲಿ ರಾಣಿ ರುಡಾಬಾಯಿ 1499ರಲ್ಲಿ ಪೂರ್ತಿಗೊಳಿಸಿದ ಬಾವಿಯನ್ನು ನೋಡಿ. ಮೂರು ದಿಕ್ಕಿನಿಂದ ಇಳಿಯುವ ಮೆಟ್ಟಿಲುಗಳು ಮೊದಲ ಅಂತಸ್ತಿನ ಜಗಲಿಯಲ್ಲಿ ಕೂಡುತ್ತವೆ. ಅಲ್ಲಿಂದ ದಾರಿ ಐದು ಅಂತಸ್ತಿನ ಆಳಕ್ಕೆ ಸಾಗುತ್ತದೆ. ಮೆತ್ತನೆಯ ಮಣ್ಣಿನ ನಾಡಿನಲ್ಲಿ ಇಷ್ಟುದ್ದದ ಕಂದಕ ತೋಡಿದರೆ ಎರಡೂ ಕಡೆಯ ಮಣ್ಣು ಒಳಕ್ಕೆ ಜರಿಯಲು ಹವಣಿಸುತ್ತಲೇ ಇರುತ್ತದೆ. ಅದನ್ನು ತಡೆದಿರುವುದು ಕಂಬಗಳ ಮಂಟಪಗಳು. ಅವುಗಳ ಕಲ್ಲಿನ ತೊಲೆಗಳು ಈ ಗೋಡೆಯಿಂದ ಆ ಗೋಡೆಗೆ ಚಾಚಿ, ಒಂದರ ಒತ್ತಡವನ್ನು ಇನ್ನೊಂದಕ್ಕೆ ಎದುರಾಗಿ ನಿಲ್ಲಿಸಿವೆ. ಗೋಡೆಗೆ ಬೇಕಾದ ಆಸರೆಯೇ ದಾರಿಹೋಕರಿಗೆ ಚಾವಣಿಯಾಯಿತು, ಕೊಡ ಇಳಿಸಿ ಕೂರಲು ಕಟ್ಟೆಯಾಯಿತು. ಮಳೆಗಾಲದಲ್ಲಿ ನೀರು ಮೇಲೇರಿದರೆ ಮಾತುಕತೆಯೂ ಮೇಲಿನ ಅಂತಸ್ತಿನಲ್ಲಿ; ಬೇಸಿಗೆಯಲ್ಲಿ ನೀರಿನೊಂದಿಗೆ ಅದೂ ತಂಪಿನ ಆಳಕ್ಕೆ ಇಳಿಯುತ್ತಿತ್ತು. ನೀರು ತರುವ ಹೆಂಗಸರಿಗೆ ಮನೆಯಾಚೆ ನಿಂತು ಮಾತಾಡಲು ಇದ್ದ ಜಾಗವಿದು. ನನಗೆ ಇದರ ಮುಂದೆ ಯಾವ ಕೆತ್ತನೆಯೂ ದೊಡ್ಡದಲ್ಲ.

ನಮ್ಮ ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಈ ಅಡ್ಡ ತೊಲೆಗಳಿಲ್ಲ. ಬೇಕಾಗಿಯೂ ಇಲ್ಲ. ಅದು ಮೇಲೆ ಅಗಲ, ಕೆಳಗೆ ಕಿರಿದು. ಹಂತ ಹಂತವಾಗಿ ಹಿಂದೆ ಸರಿಯುವ ಮೆಟ್ಟಿಲುಗಳೇ ಮಣ್ಣನ್ನು ಹಿಡಿದಿವೆ. ನಡುನಡುವೆ ಪುಟ್ಟ ಗುಡಿಗಳಂಥ ಗೂಡುಗಳು. ಹಂಪಿಯ ಅರಮನೆ ಆವರಣದ ಪುಷ್ಕರಣಿಯೂ ಇದೇ ಬಗೆಯದು. ಅದರ ಕಪ್ಪು ಕಲ್ಲುಗಳ ಮೇಲೆ ಯಾವುದು ಎಲ್ಲಿ ಕೂರಬೇಕೆಂದು ಕುಶಲಕರ್ಮಿಗಳು ಕೊರೆದ ಗುರುತುಗಳು ಇಂದಿಗೂ ಕಾಣುತ್ತವೆ.

ಈಗ ಊರೂರುಗಳಲ್ಲಿ ಯುವಕರು ಹೂಳು ತೆಗೆಯಲು ಮುಂದಾಗುತ್ತಿರುವುದು ನನಗೆ ನಿಜಕ್ಕೂ ಸಂತೋಷ. ಆದರೆ ಪಂಪ್ ಇಟ್ಟು ಒಂದೇ ದಿನದಲ್ಲಿ ಬಾವಿಯನ್ನು ಬರಿದು ಮಾಡುವುದನ್ನು ಕಂಡಾಗ ಎದೆ ನಡುಗುತ್ತದೆ. ಒಳಗಿನ ನೀರು ಗೋಡೆಯನ್ನು ಹೊರಕ್ಕೆ ಒತ್ತಿ ಹಿಡಿದಿರುತ್ತದೆ. ಅದು ದಿಢೀರನೆ ಹೋದರೆ ಹಿಂದಿನ ಒದ್ದೆ ಮಣ್ಣಿಗೆ ಎದುರಾಳಿಯೇ ಇರುವುದಿಲ್ಲ. ಶತಮಾನಗಳಿಂದ ನಿಂತ ಗೋಡೆ ಒಳಕ್ಕೆ ಕುಸಿಯಬಹುದು. ಕಲ್ಲಿನ ಸಂದುಗಳಿಗೆ ಸಿಮೆಂಟ್ ಮೆತ್ತುವುದೂ ಅಷ್ಟೇ ಅಪಾಯ: ಜಿನುಗಿ ಹೊರಬರಬೇಕಾದ ನೀರು ಗೋಡೆಯ ಬೆನ್ನಿಗೆ ಸಂಗ್ರಹವಾಗುತ್ತದೆ.

ದಯವಿಟ್ಟು ಬೇಸಿಗೆಯ ಕೊನೆಯಲ್ಲಿ, ನೀರು ತಾನಾಗಿ ಇಳಿದಿರುವಾಗ ಕೆಲಸ ಶುರು ಮಾಡಿ. ದಿನಕ್ಕೆ ಒಂದೆರಡು ಮೆಟ್ಟಿಲಷ್ಟು ಇಳಿಸಿ, ಸಂದುಗಳಿಂದ ಜಿನುಗುವುದು ನಿಲ್ಲುವವರೆಗೆ ಕಾಯಿರಿ. ಬಿದ್ದಿರುವ ತೊಲೆಯೊಂದು ಹೂಳಿನಲ್ಲಿ ಸಿಕ್ಕರೆ ಹೊರಗೆಸೆಯಬೇಡಿ. ಅದು ಸಿಕ್ಕ ಜಾಗವನ್ನು ಗುರುತು ಹಾಕಿಡಿ.